ಬಾಣ ಬಿಡುವ ಮೊದಲು

ಸ್ಟರ್ಲಿಂಗ್ ಹೈಟ್ಸ್
ಅಕ್ಟೋಬರ್ 29, 2024, ಮಂಗಳವಾರ

ಫರೀದಾ,

ಸಲಾಂ. ಫೋನಿನಲ್ಲಾದರೆ ನಾನು ಮಾತು ತಿರುಗಿಸುತ್ತೇನೆ, ಬರೆದೇ ಕಳಿಸಬೇಕು ಎಂದು ಹಟ ಹಿಡಿದೆಯಲ್ಲ, ತಗೋ, ಬರೆಯುತ್ತಿದ್ದೇನೆ. ಮದುವೆಯಾಗಿ ಇಪ್ಪತ್ತೆರಡು ವರ್ಷಕ್ಕೆ ನಿನಗೆ ಬರೆಯುತ್ತಿರುವ ಮೊದಲ ಕಾಗದ. ಸ್ಟ್ಯಾಂಪ್ ಎಲ್ಲಿ ಸಿಗುತ್ತದೆಂದು ಪ್ಲಾಂಟಿನಲ್ಲಿ ನಾಲ್ಕು ಜನರನ್ನು ಕೇಳಬೇಕಾಯಿತು.

ನೀನು ಲೊಂಬಾರ್ಡ್‌ಗೆ ಹೋಗಿ ಮೂರು ತಿಂಗಳಾಯಿತು. ಸುಬಿಯಾ ನಿನ್ನ ತಂಗಿಯೇ ಆದರೂ ಅವಳ ಮನೆಯಲ್ಲಿ ಎಷ್ಟು ದಿನ ಅಂತ ಇರುತ್ತೀ?

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಹೋದ ವರ್ಷ ನಿನ್ನ ಅಬ್ಬಾ ಹರಿಹರದಿಂದ ಈ ದೇಶಕ್ಕೆ ಬಂದಿದ್ದಾಗ ಲಪೀರ್ ಕಡೆಯ ಕಾಡಿನಲ್ಲಿ ಜಿಂಕೆ ಹೊಡೆದು ತಂದೆ. ಐದು ವರ್ಷ ಬಿಲ್ಲು ಹೊತ್ತು ಬರಿಗೈಯಲ್ಲಿ ವಾಪಸ್ ಬಂದವನಿಗೆ ಅದೇ ಮೊದಲ ಬೇಟೆ. ಜಿಂಕೆಗೆ ಸಲಾಂ ಹೇಳಿ ಬರ್ತೀರೇನ್ರಿ ಅಂತ ನೀನೂ ಕಮ್ಮಿ ಆಡಿಕೊಂಡಿರಲಿಲ್ಲ. ಆವತ್ತು ಕೈಮಾ ತಟ್ಟೆ ಮುಂದಿಟ್ಟಾಗ ಅಬ್ಬಾ ಒಂದೇ ಮಾತು ಕೇಳಿದರು. ಬಾಣ ಬಿಡೋವಾಗ ಬಿಸ್ಮಿಲ್ಲಾ ಹೇಳಿದ್ರೇನು ಅಳಿಯಾ ಅಂದರು. ಹೇಳಿದೆ ಅಂದೆ. ಅವರು ಎರಡು ಸಲ ಹಾಕಿಸಿಕೊಂಡು ತಿಂದರು. ಊರಿಗೆ ಹೋದವರು ಫೆಬ್ರವರಿಯಲ್ಲಿ ತೀರಿಕೊಂಡರು.

ಜುಲೈನಲ್ಲಿ ಹಸ್ನೈನ್ ಮನೆಯ ಊಟದಲ್ಲಿ ಅವನು ಆ ಬೇಟೆಯ ವಿಡಿಯೊ ತೋರಿಸಿದ. ಆವತ್ತು ಪಕ್ಕದ ಮರದ ಮೇಲೆ ಕೂತು ಅವನೇ ತೆಗೆದದ್ದು. ನೀನು ವಾಲ್ಯೂಮ್ ಏರಿಸಿ ಮೂರು ಸಲ ಕೇಳಿದೆ. ಎಲೆಗಳ ಸದ್ದಿದೆ, ಬಾಣದ ಸದ್ದಿದೆ, ಆಮೇಲೆ ಹಸ್ನೈನ್ ಕೆಮ್ಮಿದ್ದೂ ಇದೆ. ನನ್ನ ತುಟಿ ಅಲ್ಲಾಡಿಲ್ಲ. ಮಾರನೆಯ ಬೆಳಿಗ್ಗೆ ನೀನು ಬ್ಯಾಗ್ ತುಂಬಿಕೊಂಡೆ.

ಇಮಾಮ್ ಸಾಹೇಬರನ್ನು ಇಬ್ಬರೂ ಕೇಳಿದ್ದೇವೆ. ಮರೆತಿದ್ದರೆ ಮಾಫ್, ಮಾಂಸ ಹಲಾಲೇ. ಗೊತ್ತಿದ್ದೂ ಬಿಟ್ಟಿದ್ದರೆ ಅಲ್ಲ. ಮರೆತೆ ಅಂತ ಒಂದು ಸಾಲು ಬರ್ದು ಕಳಿಸ್ರಿ, ನಾನು ಮನೆಗೆ ಬರ್ತೀನಿ ಅಂದೆ ನೀನು. ಆ ಸಾಲು ಇದು: ನಾನು ಮರೆತೆ. ಅಬ್ಬಾ ಮುಂದೆ ಹೇಳಿದೆ ಎಂದದ್ದು ತಪ್ಪು. ಮರೆತೆ ಅನ್ನುವುದಕ್ಕೆ ನಾಚಿಕೆಯಾಯಿತು.

ಮೊನ್ನೆ ಭಾನುವಾರ ಬೆಳಿಗ್ಗೆ ಆವತ್ತು ನಾನು ಕೂತಿದ್ದ ಮರದ ಮೇಲೆಯೇ ಹೋಗಿ ಕೂತಿದ್ದೆ, ಒಬ್ಬನೇ. ಮೂವತ್ತನಾಲ್ಕು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವಂಥ ಚಳಿ. ಒಂದು ಹೆಣ್ಣು ಜಿಂಕೆ ಬಂದು ಇಪ್ಪತ್ತು ಗಜದಲ್ಲಿ ನಿಂತಿತು. ಬಾಣ ಬಿಡಲು ಕೈ ಬರಲಿಲ್ಲ. ಮನೆಗೆ ಬಂದು ಬ್ರೆಡ್ಡಿಗೆ ಉಪ್ಪಿನಕಾಯಿ ಹಚ್ಚಿಕೊಂಡು ತಿಂದೆ. ನೀನಿಲ್ಲದೆ ಮನೆ ಹಿಡಿಸುತ್ತಿಲ್ಲ. ಶುಕ್ರವಾರ ರಜೆ ಹಾಕಿದ್ದೇನೆ, ಕರೆದುಕೊಂಡು ಹೋಗಲು ಬರುತ್ತೇನೆ.

ಇಂತಿ ನಿನ್ನ,
ಸತ್ತಾರ್

ತಾ.ಕ.: ಕವರ್ ಅಂಟಿಸಿ ಆಗಿತ್ತು, ಮತ್ತೆ ಬಿಚ್ಚಿದ್ದೇನೆ. ಮೇಲಿನ ಆ ಸಾಲು ಸುಳ್ಳು. ನಾನು ಮರೆತಿರಲಿಲ್ಲ. ಬಿಸ್ಮಿಲ್ಲಾ ನಾಲಿಗೆಯ ತುದಿಯಲ್ಲೇ ಇತ್ತು. ಬಾಯಿ ತೆರೆದರೆ ಜಿಂಕೆ ಓಡಿಹೋಗುತ್ತದೆ, ಈ ವರ್ಷವೂ ಬರಿಗೈ ಎಂದು ಬೇಕಂತಲೇ ನುಂಗಿಕೊಂಡೆ. ಗೊತ್ತಿಲ್ಲದೆ ತಿಂದವರ ಮೇಲೆ ಪಾಪ ಏನೂ ಇಲ್ಲ, ನಂಬಿಸಿದವನ ಮೇಲೆಯೇ ಎಲ್ಲ ಎಂದು ಇಮಾಮ್ ಸಾಹೇಬರು ಹೇಳಿದರು. ಅಬ್ಬಾ ವಿಷಯಕ್ಕೆ ಇನ್ನು ಅಳಬೇಡ. ನೀನು ಫೋನ್ ಮಾಡಿ ಬರ್ರಿ ಅನ್ನದೆ ಶುಕ್ರವಾರ ನಾನು ಹೊರಡುವುದಿಲ್ಲ. ಭಾನುವಾರ ಆ ಜಿಂಕೆ ಎದುರಿಗೆ ನಿಂತಾಗ ಗಟ್ಟಿಯಾಗಿಯೇ ಬಿಸ್ಮಿಲ್ಲಾ ಅಂದು ನೋಡಿದೆ. ಒಂದು ಕಿವಿಯನ್ನು ನನ್ನ ಕಡೆ ತಿರುಗಿಸಿತು, ಮತ್ತೆ ತಲೆ ತಗ್ಗಿಸಿ ಮೇಯತೊಡಗಿತು. ಓಡಲಿಲ್ಲ, ಫರೀದಾ.