ಅವ್ವನ ಕೆನ್ನೆಯ ಗೆರೆ

ಮಾಮ,

ಹೇಗಿದ್ದೀಯ ಅಂತ ಕೇಳಿ ಶುರು ಮಾಡಲಿಕ್ಕೆ ನನಗೆ ಮನಸ್ಸಿಲ್ಲ. ನೀನು ಹೋಗಿ ಎಂಟು ತಿಂಗಳಾಯಿತು. ಇಷ್ಟು ದಿನ ಅತ್ತಿದ್ದೆ, ಸಿಟ್ಟು ಬಂದಿರಲಿಲ್ಲ. ಈಗ ಬಂದಿದೆ. ನೀನಿದ್ದಿದ್ದರೆ ನ್ಯಾಮತಿ ಬಸ್ ಸ್ಟ್ಯಾಂಡಿನ ಎದುರಿಗಿದ್ದ ನಿನ್ನ ಬೋರ್ಡ್ ಬರೆಯುವ ಅಂಗಡಿಗೆ ನೇರ ಬಂದು, ಏಣಿಯ ಮೇಲಿಂದ ನಿನ್ನನ್ನು ಇಳಿಸಿ ಕೇಳುತ್ತಿದ್ದೆ. ಈಗ ಎಲ್ಲಿಗೆ ಬರಲಿ?

ಹೋದ ತಿಂಗಳು ಒಂದು ಮಂಗಳವಾರ, ದಾವಣಗೆರೆಯಲ್ಲಿ ನಮ್ಮ ಆರ್ಟ್ ಹಿಸ್ಟರಿ ಕ್ಲಾಸ್. ಕಿಟಕಿಗೆ ಕರಿ ಪರದೆ, ಗೋಡೆಗೆ ಪ್ರೊಜೆಕ್ಟರ್. ನಾನು ಎಂದಿನಂತೆ ಕೊನೆ ಬೆಂಚಿನಲ್ಲಿ, ಮೇಡಂ ಎಲ್ಲಿ ನನ್ನನ್ನೇ ಎಬ್ಬಿಸಿ ಕೇಳುತ್ತಾರೋ ಅಂತ ಪೆನ್ನಿನ ಕ್ಯಾಪ್ ಕಚ್ಚುತ್ತಾ ಕೂತಿದ್ದೆ. ಮೇಡಂ ಯುರೋಪಿನ ಬಗ್ಗೆ ಹೇಳುತ್ತಿದ್ದರು. "ಅಲ್ಲೀ ತನಕ ಚಿತ್ರ ಬರೆಸಿಕೊಳ್ಳೋರು ಯಾರು? ರಾಜರು, ಚರ್ಚಿನ ದೊಡ್ಡವರು, ಸಾಹುಕಾರರು. ಆಮೇಲೆ ಮಿಲ್ಲು ಬಂತು, ರೈಲು ಬಂತು. ಜನ ಹಳ್ಳಿ ಬಿಟ್ಟು ಪೇಟೆ ಸೇರಿದ್ರು, ನಮಗೂ ಹಕ್ಕಿದೆ ಅಂತ ಬೀದಿಗಿಳಿದ್ರು. ಆಗ ಚಿತ್ರಗಾರರ ಕಣ್ಣೂ ತಿರುಗ್ತು, ನೆಲ ಅಗೆಯೋರ ಕಡೆಗೆ." ಸ್ಲೈಡ್ ಬದಲಾಯಿತು.

ಗೋಡೆ ತುಂಬ ಅವ್ವ.

ಅವ್ವನ ಹಾಗಿರುವ ಯಾರೋ ಅಲ್ಲ, ಅವ್ವನೇ. ಅದೇ ಓರೆಯಾದ ಕತ್ತು, ದಣಿದ ಕೆಳತುಟಿ, ಬಲಗಣ್ಣಿಗಿಂತ ಚೂರು ಸಣ್ಣದಾದ ಎಡಗಣ್ಣು. ಸೆರಗಿನ ಜಾಗದಲ್ಲಿ ಮಾತ್ರ ಬಿಳಿ ತಲೆವಸ್ತ್ರ. ಕುಂಕುಮ ಇಲ್ಲ, ಕೈಯಲ್ಲಿ ಗುದ್ದಲಿ. ಆಲೂಗಡ್ಡೆ ಅಗೆಯುವ ಫ್ರಾನ್ಸಿನ ಹೆಂಗಸು, ಹೆಸರು ಯಾರೂ ಬರೆದಿಟ್ಟಿಲ್ಲ ಅಂದರು ಮೇಡಂ. ನಾನು ಪೆನ್ಸಿಲ್ ಹುಡುಕುವವಳ ಹಾಗೆ ಬೆಂಚಿನ ಕೆಳಗೆ ತಲೆ ಹಾಕಿದೆ. ಪಕ್ಕದವಳು, "ಯಾಕೇ, ತಲೆ ಸುತ್ತುತ್ತಾ?" ಅಂದಳು. ಹೂಂ ಅಂದೆ. ಇನ್ನೇನು ಹೇಳಲಿ? ಅಲ್ಲಿ ಗೋಡೆ ಮೇಲೆ ನಮ್ಮವ್ವ ಇದ್ದಾಳೆ, ಅವಳು ನಮ್ಮವ್ವ ಅಲ್ಲವಂತೆ ಅಂತಲೇ?

ಆರನೇ ಕ್ಲಾಸಿಗೆ ಜಗಳೂರಿನ ಹಾಸ್ಟೆಲ್ಲಿಗೆ ನನ್ನನ್ನು ಬಿಡಲು ಬಂದ ದಿನ ನಿನಗೆ ನೆನಪಿರಬೇಕು. ಗೇಟಿನ ಕಂಬಿ ಹಿಡಿದುಕೊಂಡು ನಾನು ಒಳಗೆ ಹೋಗಲ್ಲ ಅಂತಿದ್ದೆ. ನೀನು ಚೀಲದಿಂದ, ನೀನೇ ಮುಖ ಬರೆದಿದ್ದ ಅಂಗೈಯಗಲದ ಹಾರ್ಡ್‌ಬೋರ್ಡ್ ತೆಗೆದೆ. "ತಗಾ ಕೂಸೇ, ನಿಮ್ಮವ್ವ. ಟ್ರಂಕಿನ ಮುಚ್ಚಳಕ್ಕೆ ಅಂಟಿಸ್ಕ. ಇನ್ಮ್ಯಾಲೆ ಅವ್ಳೂ ನಿನ್ ಜೊತೆ ಹಾಸ್ಟೆಲ್ನಾಗೇ ಇರ್ತಾಳೆ." ನನಗೆ ಒಂದೂವರೆ ವರ್ಷವಾಗಿದ್ದಾಗ ಸತ್ತವಳು. ಮದುವೆಯಲ್ಲಿ ಫೋಟೋ ತೆಗೆಸಿರಲಿಲ್ಲ, ವೋಟರ್ ಕಾರ್ಡಿನಲ್ಲಿದ್ದದ್ದು ಮಸಿ ಮೆತ್ತಿದಂಥ ಮುಖ. ಅಪ್ಪ ಬೇರೆ ಮದುವೆಯಾಗಿ ಹೊನ್ನಾಳಿ ಸೇರಿದ ಮೇಲೆ ಅದೂ ಕಳೆದುಹೋಯಿತು. ನೀನು ಕೊಟ್ಟ ಆ ಮುಖವೊಂದೇ ನನಗೆ ಅವ್ವ. ಏಳು ವರ್ಷ ಅದಕ್ಕೆ ಮಾರ್ಕ್ಸ್ ಹೇಳಿದೆ, ಜ್ವರ ಹೇಳಿದೆ, ಮೊದಲ ಸಲ ಹೊರಗಾದದ್ದನ್ನು ಹೇಳಿದೆ. ಕನ್ನಡಿಯಲ್ಲಿ ನನ್ನ ಎಡಗಣ್ಣನ್ನು ಕಿರಿದು ಮಾಡಿ ನೋಡಿಕೊಳ್ಳುತ್ತಿದ್ದೆ, ಗೊತ್ತಾ ನಿನಗೆ?

ಸೂಳೆಕೆರೆಗೆ ಹಾಸ್ಟೆಲ್ಲಿನಿಂದ ಟ್ರಿಪ್ ಹೋದಾಗ ಎಲ್ಲರೂ ನೀರು ನೋಡಿದರು, ನಾನು ಏರಿಯ ಕಲ್ಲು ನೋಡಿದೆ. ಪಟದಲ್ಲಿ ಅವ್ವನ ಕೆನ್ನೆಯ ಮೇಲೆ ಕಣ್ಣಿನಿಂದ ಬಾಯಿಯ ತನಕ ಒಂದು ತೆಳುವಾದ ಗೆರೆ ಇತ್ತಲ್ಲ? "ಸೂಳೆಕೆರೆ ಏರಿ ಮ್ಯಾಲೆ ಓಡಾಕೆ ಹೋಗಿ ಜಾರಿದ್ಳು, ಕಲ್ಲು ಕೊಯ್ತು. ನಾನೇ ಹೆಗಲ ಮ್ಯಾಲೆ ಹೊತ್ಕಂಡು ಬಂದೆ" ಅಂದಿದ್ದೆ ನೀನು. ಅಲ್ಲಿಯ ಒಂದೊಂದು ಕಲ್ಲನ್ನೂ ಮುಟ್ಟಿ, ಇದೇ ಇರಬಹುದೇ ಅಂದುಕೊಂಡವಳು ನಾನು. ಪ್ರೊಜೆಕ್ಟರಿನ ಹೆಂಗಸಿಗೆ ಆ ಗೆರೆ ಇರಲಿಲ್ಲ ಮಾಮ. ಹಾಗಾದರೆ ಗೆರೆಯಾದರೂ ಅವ್ವನದೇ ಅಂತ ನಾಲ್ಕು ದಿನ ಅದನ್ನೇ ಹಿಡಿದುಕೊಂಡಿದ್ದೆ.

ಶನಿವಾರ ಗೋವಿನಕೋವಿಗೆ, ಅಜ್ಜಿ ಮನೆಗೆ ಹೋದೆ. ಅಟ್ಟದ ಮೇಲಿನ ನಿನ್ನ ತಗಡಿನ ಪೆಟ್ಟಿಗೆ ಇಳಿಸಿದೆ. ಚನ್ನಗಿರಿಯ ಗುಜರಿ ಅಂಗಡಿಯಿಂದ ತಂದು ಇಟ್ಟುಕೊಂಡಿದ್ದೆಯಲ್ಲ, ಇಂಗ್ಲಿಷ್ ಚಿತ್ರಪುಸ್ತಕಗಳಿಂದ ಹರಿದ ಹಾಳೆಗಳು, ಅವುಗಳಲ್ಲಿ ಆ ಗುದ್ದಲಿಯ ಹೆಂಗಸು ಸಿಕ್ಕಳು. ಹಾಳೆಯನ್ನು ಎರಡಾಗಿ ಮಡಚಿಟ್ಟಿದ್ದೆ ನೀನು. ಮಡಿಸಿದ ಗುರುತು ಅವಳ ಕೆನ್ನೆಯ ಮೇಲೆ ಕಣ್ಣಿನಿಂದ ಬಾಯಿಯ ತನಕ ಹಾದುಹೋಗಿತ್ತು.

ಕಾಗದದ ಗೆರೆಯನ್ನೂ ಬಿಡದೆ ಬರೆದೆ ನೀನು. ಆಮೇಲೆ ಅದಕ್ಕೊಂದು ಕೆರೆ ಹುಡುಕಿದೆ.

ಅಜ್ಜಿಯನ್ನು ಕೇಳಿದೆ. ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು. "ಗಾಯ ಎಲ್ಲಿಂದ ಬಂತವ್ವಾ, ನನ್ ಮಗಳ ಕೆನ್ನಿ ಬೆಣ್ಣಿ ಇದ್ದಂಗಿತ್ತು. ಆ ಪಟ ನೋಡಿ, ಇದ್ಯಾರ್ಲೇ ಅಂದೆ. ಸುಮ್ಕಿರವ್ವ, ಕೂಸು ಕೇಳಿಸ್ಕತೈತೆ ಅಂದ ನಿಮ್ಮಾಮ."

"ನಿನಗೆ ಗೊತ್ತಿತ್ತಾ ಹಂಗಾರೆ?"

"ಗೊತ್ತಿದ್ದು ಏನ್ಮಾಡಾಕೆ ಬರ್ತಿತ್ತು? ಮೂರು ಸಲ ಬರ್ದ, ಮೂರು ಸಲಾನೂ ಸೀಮೆಎಣ್ಣೆ ಹಾಕಿ ಒರೆಸ್ದ. ಮುಖ ಬರ್ತಿಲ್ಲ ಅಂತ ಅತ್ತ. ಆಮ್ಯಾಲೆ ಒಂದಿನ ಬಂದ್ಬಿಡ್ತು ನೋಡು."

ಊರವರ ಸತ್ತವರನ್ನೆಲ್ಲ ನೀನು ಹೇಗೆ ಬರೆಯುತ್ತಿದ್ದೆ? ಫೋಟೋ ಇಲ್ಲದವರ ಮನೆಮಂದಿಯನ್ನು ಅಂಗಡಿಯ ಬೆಂಚಿನ ಮೇಲೆ ಸಾಲಾಗಿ ಕೂರಿಸಿ, "ಮೂಗು ಯಾರದ್ರೀ, ತಮ್ಮಂದಾ? ನೀವು ಈ ಕಡೆ ಬರ್ರಿ" ಅಂತ ಒಬ್ಬೊಬ್ಬರಿಂದ ಒಂದೊಂದು ತೆಗೆದುಕೊಳ್ಳುತ್ತಿದ್ದೆ. ಬಸವಾಪಟ್ಟಣದ ಮುದುಕಿಯೊಬ್ಬಳು, "ನಮ್ ಯಜಮಾನ್ರು ಇಷ್ಟು ಚೆಂದ ಇರ್ಲಿಲ್ಲ ಬಿಡ್ರಿ, ಆದ್ರೂ ಹಿಂಗೇ ಇರ್ಲಿ" ಅಂದದ್ದನ್ನು ಎಷ್ಟು ಸಲ ಹೇಳಿ ನಗಿಸಿದ್ದೀಯ. ಕಂಡವರಿಗೆಲ್ಲ ಅಷ್ಟು ಮಾಡಿದವನು ನಿನ್ನ ತಂಗಿಗೆ ಯಾಕೆ ಮಾಡಲಿಲ್ಲ? ಅಜ್ಜಿ ಮನೆಯಲ್ಲೇ ಇದ್ದಳು. ಅವಳನ್ನು ನೀನು ಒಂದು ಮಾತು ಕೇಳಲಿಲ್ಲ. ನಿನಗೇ ಮರೆತುಹೋಗಿದೆ ಅಂತ ಹೇಳಿದ್ದರೆ ನಾನು... ಏನು ಮಾಡುತ್ತಿದ್ದೆನೋ. ಆದರೆ ಯಾರದೋ ಅವ್ವನ ಜೊತೆ ಏಳು ವರ್ಷ ಮಾತಾಡುತ್ತಿರಲಿಲ್ಲ.

ಮೊನ್ನೆ ನನ್ನ ಮೊದಲ ಸೆಮಿನಾರ್ ಇತ್ತು. ಒಂದು ಸ್ಲೈಡ್ ಆರಿಸಿಕೊಂಡು ಮಾತಾಡಬೇಕು. ಅವಳನ್ನೇ ಆರಿಸಿದೆ, ಪಕ್ಕದಲ್ಲಿ ನಿನ್ನ ಹಾರ್ಡ್‌ಬೋರ್ಡ್ ಇಟ್ಟೆ. ಇಂಗ್ಲಿಷು ಅರ್ಧಕ್ಕೇ ಮುಗಿದುಹೋಯಿತು, ಉಳಿದದ್ದನ್ನು ಕನ್ನಡದಲ್ಲೇ ಹೇಳಿದೆ. ನೀನು ಕದ್ದದ್ದನ್ನೂ ಹೇಳಿದೆ. ಯಾರೂ ನಗಲಿಲ್ಲ. ಮೇಡಂ ಒಂದೇ ಪ್ರಶ್ನೆ ಕೇಳಿದರು: "ಆ ಪೆಟ್ಟಿಗೆಯಲ್ಲಿ ಬೇರೆ ಮುಖ ಇರಲಿಲ್ವಾ?"

ಇದ್ದವು. ಮುತ್ತಿನ ಸರದ ರಾಣಿಯರು, ಬೀಸಣಿಗೆ ಹಿಡಿದ ದೊರೆಸಾನಿಯರು, ಎಷ್ಟೊಂದು ಚೆಂದದವರು. ಅವರನ್ನೆಲ್ಲ ಬಿಟ್ಟು ನೀನು ಗುದ್ದಲಿ ಹಿಡಿದವಳನ್ನು ತೆಗೆದುಕೊಂಡಿದ್ದೀಯ. ನಾಟಿಗೆ ಹೋಗಿ ಸಂಜೆ ಬದುವಿನ ಮೇಲೆ ಕೂರುತ್ತಿದ್ದ ನಿನ್ನ ತಂಗಿ ಆ ದಣಿದ ತುಟಿಯಲ್ಲಿ ಕಂಡಿರಬೇಕು. ದೂರದ ದೇಶದಲ್ಲಿ ಕಾಲ ಬದಲಾಗದೇ ಹೋಗಿದ್ದರೆ, ದುಡಿಯುವವರೂ ಮನುಷ್ಯರು ಅಂತ ಅಲ್ಲಿಯವರು ಕೂಗದೇ ಹೋಗಿದ್ದರೆ, ಆ ಚಿತ್ರಗಾರ ರಾಣಿಯನ್ನು ಬಿಟ್ಟು ಹೊಲಕ್ಕೆ ಬರುತ್ತಿರಲಿಲ್ಲ. ನಿನಗೆ ಕದಿಯಲಿಕ್ಕೂ ನಮ್ಮಂಥವರ ಮುಖ ಸಿಗುತ್ತಿರಲಿಲ್ಲ. ಇದನ್ನು ಹೇಳಿ ಕೂತೆ. ಹಾಗಂತ ಕ್ಷಮಿಸಿದ್ದೇನೆ ಅಂದುಕೊಳ್ಳಬೇಡ. ಆ ಹೆಂಗಸಿಗೂ ಮಕ್ಕಳಿದ್ದವೇನೋ. ಅವಳನ್ನು ಅವ್ವ ಅನ್ನಲಿಕ್ಕೆ ನನಗೇನು ಹಕ್ಕಿತ್ತು?

ಈಗ ವಾರವಾರ ಗೋವಿನಕೋವಿಗೆ ಹೋಗುತ್ತೇನೆ. ಅಜ್ಜಿಯನ್ನು ಎದುರಿಗೆ ಕೂರಿಸಿ, ನೀನು ಊರವರನ್ನು ಕೇಳುತ್ತಿದ್ದ ಹಾಗೇ ಕೇಳುತ್ತೇನೆ. ಮೂಗು ಬರೆದೆ, "ಅಲ್ಲ" ಅಂದಳು. ಹಣೆ ಬರೆದೆ, "ಅಷ್ಟು ಅಗಲ ಇರ್ಲಿಲ್ಲ ತಾಯಿ." ಮೊನ್ನೆ ಭಾನುವಾರ ಕಿವಿ ಯಾರದಜ್ಜೀ ಅಂದೆ. ಅಜ್ಜಿ ಗೋಡೆಯ ಕಡೆ ಕೈ ತೋರಿಸಿದಳು.

ಹಾರ ತೆಗೆದು ನಿನ್ನ ಫೋಟೋ ಇಳಿಸಿ, ಎದುರಿಗಿಟ್ಟುಕೊಂಡು ಬರೆದೆ. ಅಜ್ಜಿ ಹಾಳೆಯನ್ನು ಬಾಗಿಲ ಬೆಳಕಿಗೆ ಹಿಡಿದಳು. "ಹ್ಞೂಂ. ಇದು ಅವ್ಳದೇ. ಅಣ್ಣ-ತಂಗಿಗೆ ಒಂದೇ ಕಿವಿ" ಅಂದಳು.

ಅವ್ವನದು ಅಂತ ಈಗ ನನ್ನ ಹತ್ತಿರ ಇರುವುದು ಅದೊಂದೇ, ಮಿಕ್ಕದ್ದೆಲ್ಲ ಖಾಲಿ ಹಾಳೆ. ಗೊತ್ತಿಲ್ಲದ್ದನ್ನು ಖಾಲಿಯಾಗಿಯೇ ಬಿಡುತ್ತೇನೆ, ಅದು ನಾನು ಕೊಡುವ ಮಾತು. ಆದರೆ ಒಂದು ಹೇಳು. ದಿನಾ ಬೆಳಿಗ್ಗೆ ಗಡ್ಡ ಮಾಡಿಕೊಳ್ಳುವಾಗ ಕನ್ನಡಿಯಲ್ಲಿ ಆ ಕಿವಿ ನಿನ್ನೆದುರಿಗೇ ಇತ್ತಲ್ಲ ಮಾಮ, ಒಂದು ಸಲ ಕತ್ತು ತಿರುಗಿಸಿ ನೋಡಿದ್ದರೆ...