ಎಡಕ್ಕೆ ಬಿದ್ದ ಹೂವು

ಭೀಮನಬೀಡು
ಮೇ ೧೮, ೨೦೨೫

ನನ್ನ ಮುದ್ದು ರಂಜಿನಿಗೆ,

ಅವ್ವ ಕಾಗದ ಬರೆಯುವ ಕಾಲ ಬಂತಲ್ಲ ಎಂದು ನಗಬೇಡ. ನನ್ನ ಫೋನು ನಿಮ್ಮಪ್ಪನ ಜೇಬಿನಲ್ಲಿದೆ. ರಿಪೇರಿ ಮಾಡಿಸುತ್ತೇನೆ ಎಂದು ಇಸಿದುಕೊಂಡವರು ಅಂಗಡಿಗೂ ಹೋಗಿಲ್ಲ, ವಾಪಸೂ ಕೊಟ್ಟಿಲ್ಲ. ಪಕ್ಕದ ಮನೆ ಪವಿತ್ರ ಬದನಗುಪ್ಪೆ ಫ್ಯಾಕ್ಟರಿಗೆ ಹೋಗುವಾಗ ಚಾಮರಾಜನಗರದಲ್ಲಿ ಇದನ್ನು ಅಂಚೆ ಡಬ್ಬಿಗೆ ಹಾಕುತ್ತಾಳೆ.

ನಿನ್ನ ದೊಡ್ಡಪ್ಪ ಮರಿಮಲ್ಲಪ್ಪನವರ ಮಣ್ಣಿಗೆ ಅವರ ಮಗ ದಿಲೀಪನೇ ತಪ್ಪಿದ್ದು ಇಲ್ಲಿ ಇನ್ನೂ ಆರಿಲ್ಲ. ದೆಹಲಿಯಿಂದ ಬರುವಾಗ ಬೇಕೆಂದೇ ನಿನ್ನ ವಿಮಾನ ಹಿಡಿದನಂತೆ, ತಂಗಿಯೇ ಕ್ಯಾಪ್ಟನ್, ಹೇಗಾದರೂ ತಲುಪಿಸುತ್ತಾಳೆ ಎಂದು. ನೀನು ಬೆಂಗಳೂರಿನ ಮೇಲೆ ಸಿಡಿಲು ಮಳೆ ಎಂದು ಚೆನ್ನೈಗೆ ತಿರುಗಿಸಿದೆ. ಇಲ್ಲಿ ಭಾವನವರ ಹೆಣವನ್ನು ಕೂರಿಸಿಕೊಂಡು ಮಗನಿಗಾಗಿ ಕಾದು ಕಾದು, ಕೊನೆಗೆ ಅವನಿಲ್ಲದೆಯೇ ಮಣ್ಣು ಮಾಡಿದರು. ನಿನ್ನ ಹಿಂದೆ ಬಂದ ಇನ್ನೊಂದು ವಿಮಾನ ಬೆಂಗಳೂರಿನಲ್ಲೇ ಇಳಿಯಿತಂತೆ. ಅಲ್ಲಿಂದ ಶುರುವಾಯಿತು ನೋಡು ಪಂಚಾಯಿತಿ.

ಟೀ ಅಂಗಡಿಯಲ್ಲಿ ಈಗ ಎಲ್ಲರೂ ವಿಮಾನ ಇಳಿಸುವವರೇ. "ಪೈಲಟ್ಟು ಅಂದ್ರೆ ಡ್ರೈವರ್ ತಾನೆ ಕಣ್ಲಾ, ಇಳ್ಸು ಅಂದ್ರೆ ಇಳುಸ್ಬೇಕು" ಎನ್ನುತ್ತಾನೆ ಪುಟ್ಟಮಲ್ಲಪ್ಪ. ಗುಂಡ್ಲುಪೇಟೆ ಬಸ್ಸು ಹತ್ತಿದರೆ ವಾಂತಿ ಮಾಡಿಕೊಳ್ಳುವ ಮನುಷ್ಯ! ಮದ್ದೂರು ಚೆಕ್‌ಪೋಸ್ಟಿನಲ್ಲಿ ರಾತ್ರಿ ಕಾಡಿನ ಗೇಟು ಹಾಕಿದರೆ ಬಾಯಿ ಮುಚ್ಚಿಕೊಂಡು ಲಾರಿ ನಿಲ್ಲಿಸುವವರೂ ಇವರೇ. ಮನೆಮಗಳು ಗೇಟು ಹಾಕಿದರೆ ಮಾತ್ರ ಮೈ ಉರಿಯುತ್ತದೆ.

ಹೋದ ಸೋಮವಾರ ಬಸವೇಶ್ವರನ ಗುಡಿಯಲ್ಲಿ ಹೂವಿನ ಪ್ರಸಾದ ಕೇಳಿದರು. ರಂಜಿನಿ ಮಾಡಿದ್ದು ಸರಿಯಾದರೆ ಬಲಕ್ಕೆ ಕೊಡು, ತಪ್ಪಾದರೆ ಎಡಕ್ಕೆ ಕೊಡು ಎಂದು. ಎಷ್ಟು ಹೊತ್ತಾದರೂ ಹೂವು ಅಲುಗಲಿಲ್ಲ. ಸೆಕೆ ತಡೆಯದೆ ಯಾರೋ ಫ್ಯಾನು ಹಾಕಿದರು, ಹೂವು ಎಡಕ್ಕೆ ಬಿತ್ತು. ಫ್ಯಾನಿನ ಗಾಳಿಗೆ ಬಿತ್ತು ಎಂದು ನಾನು ಬಾಯಿಬಿಟ್ಟೆ. "ಸುಮ್ಕಿರು, ದೇವ್ರು ಕೊಟ್ಟದೆ" ಎಂದು ನಿಮ್ಮಪ್ಪ ಗದರಿದರು.

ಈಗ ನೀನು ಬಂದು ದೊಡ್ಡಪ್ಪನ ಸಮಾಧಿಗೆ ಅಡ್ಡಬಿದ್ದು ತಪ್ಪು ಕಾಣಿಕೆ ಹಾಕಬೇಕಂತೆ. ಇಳಿಸಬಹುದಿತ್ತು, ಬೇಕೆಂದೇ ಇಳಿಸಲಿಲ್ಲ ಎಂದು ಮೊಬೈಲಿನ ಮುಂದೆ ಹೇಳಬೇಕಂತೆ. ಅದನ್ನು ನಿನ್ನ ಕಂಪನಿಗೆ ಕಳಿಸುತ್ತಾರೆ. ಆಮೇಲೆ ನಿನ್ನ ಕ್ಯಾಪ್ಟನ್ ಕೆಲಸ ಉಳಿಯುತ್ತದೆಯೇ? ಹೇಳಲಾರೆ ಎಂದರೆ ಏನು ಮಾಡುತ್ತಾರೋ, ಅದನ್ನು ಮಾತ್ರ ಯಾರೂ ಬಾಯಿಬಿಡುತ್ತಿಲ್ಲ. ನನಗೆ ಭಯವಾಗಿದೆ ಮಗಳೇ.

ದಿಲೀಪ ಕೂಗಾಡಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ದಿನಾ ಬಂದು ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಾನೆ. "ಚಿಕ್ಕವ್ವ, ರಂಜಿನಿ ಯಾವತ್ತು ಬತ್ತಳೆ? ನಾನೇ ಓಗಿ ಕರ್ಕಬತ್ತೀನಿ" ಎಂದು ನಗುತ್ತಾನೆ. ನಿನ್ನೆ ಅವನ ಕಾರಿನಲ್ಲಿ ಗುಂಡ್ಲುಪೇಟೆಗೆ ಹೋಗಿದ್ದೆ. ಹಿಂದಿನ ಬಾಗಿಲು ಒಳಗಿನಿಂದ ತೆಗೆಯಲು ಬರಲಿಲ್ಲ. ಕೆಟ್ಟಿದೆಯೇನಪ್ಪ ಎಂದೆ. "ಕೆಟ್ಟಿಲ್ಲ ಚಿಕ್ಕವ್ವ, ಅಂಗೇ ಮಾಡ್ಸಿವ್ನಿ" ಅಂದ.

ಆ ದಿನ ನಿನ್ನ ಬೆನ್ನ ಹಿಂದೆ ಕೂತವರಲ್ಲಿ ಅವನೂ ಒಬ್ಬ. ಜೀವಸಹಿತ ಮನೆಗೆ ಬಂದು ಈಗ ನಿನ್ನ ಮೇಲೆ ಹಲ್ಲು ಮಸೆಯುತ್ತಿದ್ದಾನೆ. ನೀನು ಮಾಡಿದ್ದು ಸರಿಯೋ ತಪ್ಪೋ ನನಗೆ ಗೊತ್ತಾಗುವುದಿಲ್ಲ ಕಂದ. ಅಲ್ಲಿ ಕೂತವಳು ನೀನು, ನಿನಗೆ ಗೊತ್ತು, ನನಗೆ ಅಷ್ಟು ಸಾಕು.

ಮುಂದಿನ ತಿಂಗಳು ರಜೆಗೆ ಬರುತ್ತೇನೆ ಅಂದಿದ್ದೆ, ಈ ಸಲ ಬೇಡ. ನಿಮ್ಮಪ್ಪನ ಮೇಲೆ ಬೇಸರ ಮಾಡಿಕೊಳ್ಳಬೇಡ. ಅಣ್ಣನನ್ನು ಕಳೆದುಕೊಂಡ ಸಂಕಟ, ಅಷ್ಟೇ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನನ್ನೇ ನೆನೆಯುತ್ತಿರುವ ಅವ್ವ,
ದೊಡ್ಡಮಲ್ಲಮ್ಮ

ತಾ.ಕ.: ಇದನ್ನು ಬರೆಯಬಾರದು ಅಂದುಕೊಂಡಿದ್ದೆ, ಬರೆಯದೆ ಕವರು ಅಂಟಿಸಲು ಕೈ ಬರಲಿಲ್ಲ. ಬೆಳಿಗ್ಗೆ ಹಿತ್ತಲಲ್ಲಿ ನಿಮ್ಮಪ್ಪ ದಿಲೀಪನಿಗೆ ಹೇಳುತ್ತಿದ್ದರು: "ಅವ್ವುಂಗೆ ಉಸಾರಿಲ್ಲ ಅಂದ್ರೆ ಓಡ್ ಬತ್ತಳೆ ಬುಡು." ನಾನು ಚೆನ್ನಾಗಿದ್ದೇನೆ. ಅಪ್ಪನೇ ಫೋನಿನಲ್ಲಿ ಅತ್ತರೂ ಬರಬೇಡ. ನಾನು ಸತ್ತೆ ಎಂದರೂ ಬರಬೇಡ. ನನ್ನನ್ನೂ ಕೂರಿಸಿಕೊಂಡು ಕಾಯುತ್ತಾರೆ, ಕಾಯಲಿ. ನೀನು ತಿರುಗಿಸಿಬಿಡು.