ಅಡುಗೆಮನೆಯ ಹೆಸರು

ಅಮ್ಮಾ,

ನಿನ್ನ ಮೊಮ್ಮಗಳು ಮಾತು ಬಿಟ್ಟಿದ್ದಾಳೆ ಎಂಬುದನ್ನು ನಿನಗೆ ಹೇಳಲೇಬಾರದು ಎಂದುಕೊಂಡಿದ್ದೆ. ಸತ್ತ ಮೇಲೂ ನಿನಗೆ ಚಿಂತೆ ಯಾಕೆ ಎಂದು.

ಅಪುರಿಮಾಕ್ ಹೊಳೆಯ ತಿರುವಿನಲ್ಲಿ ಶಾಲೆಯ ಬಸ್ಸು ಮಗುಚಿತು. ಎವೆಲಿನ್ ಮೈಮೇಲೆ ಒಂದು ಗೀರೂ ಇಲ್ಲ, ಆದರೆ ಅಂದಿನಿಂದ ಸರಿಯಾಗಿ ಉಣ್ಣುವುದಿಲ್ಲ, ಮಾತಂತೂ ಇಲ್ಲವೇ ಇಲ್ಲ. ಲೀಮಾದಲ್ಲಿ ಮನಶ್ಶಾಸ್ತ್ರ ಓದಿದ ನಾನು ಅದನ್ನು ಆಘಾತ ಎಂದೆ. ಓದಿದ್ದನ್ನೆಲ್ಲ ಮಾಡಿ ನೋಡಿದೆ. ನಿನ್ನ ತಂಗಿ ಸತುರ್ನಿನಾ ಚಿಕ್ಕಮ್ಮ ಬಂದವಳು, "ಇದು ಸೂಸ್ತೊ ಕಣೇ. ಹೆದರಿದ ಪ್ರಾಣ ಹೊಳೆ ಹತ್ರಾನೇ ಕೂತ್ಬಿಟ್ಟಿದೆ. ಹೆಸರು ಹಿಡಿದು ಕರೆದ್ರೆ ಬರುತ್ತೆ," ಎಂದಳು.

ನಿನ್ನೆ ಮೂವರೂ ಹೊಳೆಗೆ ಹೋದೆವು. ನಾನು ಅದನ್ನು ನಂಬುತ್ತೇನೆಯೇ ಎಂದು ಕೇಳಿಕೊಳ್ಳುವ ಶಕ್ತಿಯೂ ಉಳಿದಿರಲಿಲ್ಲ. ಮಗಳ ಸ್ವೆಟರನ್ನು ನೀರಿನತ್ತ ಬೀಸಿ, "ಎವೆಲಿನ್, ಬಾ!" ಎಂದು ಕೂಗಿದೆ. ಅವಳು ಬಂಡೆಯ ಮೇಲೆ ಕೂತೇ ಇದ್ದಳು.

"ಏನೇ ಡಾಕ್ಟ್ರಮ್ಮಾ, ಸ್ಕೂಲಲ್ಲಿ ಹಾಜರಿ ಕರೀತಿದ್ದೀಯಾ?" ಚಿಕ್ಕಮ್ಮ ಗದರಿದಳು. "ಪ್ರಾಣಕ್ಕೆ ನೀನಿಟ್ಟ ಇಂಗ್ಲಿಷ್ ಹೆಸರು ಏನು ಗೊತ್ತು? ಅಕ್ಕ ಇವಳನ್ನ ತೊಡೆ ಮೇಲೆ ಹಾಕ್ಕೊಂಡು ನಮ್ಮ ಕೆಚುವಾ ಮಾತಲ್ಲಿ ಏನೋ ಕರೀತಿದ್ಲಲ್ಲ, ಅದನ್ನ ಕೂಗು."

ಬಾಯಿ ತೆರೆದೆ. ಹೆಸರು ಬರಲಿಲ್ಲ. ನಾನು ಅಡುಗೆಮನೆಗೆ ಕಾಲಿಟ್ಟೊಡನೆ ನೀನೂ ಎವೆಲಿನ್ನೂ ಕೆಚುವಾ ಬಿಟ್ಟು ಸ್ಪ್ಯಾನಿಷ್‌ಗೆ ಹೊರಳುತ್ತಿದ್ದಿರಿ.

"ನಿಂಗೂ ಗೊತ್ತಿಲ್ವಾ?" ಚಿಕ್ಕಮ್ಮನ ದನಿ ಇಳಿಯಿತು. "ಹಾಗಾದ್ರೆ ಇನ್ಯಾರನ್ನ ಕೇಳೋಣ?"

ಕತ್ತಲಾಗುವವರೆಗೂ ನಾನು ಬರೀ "ಬಾ, ಬಾ" ಎಂದು ಕೂಗಿದೆ.

ಏನೆಂದು ಕರೆಯುತ್ತಿದ್ದೆಯಮ್ಮಾ? ಒಂದೇ ಒಂದು ಸಲ ಹೇಳು. ಈ ಸಲ ನಾನು ಬಾಗಿಲ ಹೊರಗೇ ನಿಂತಿರುತ್ತೇನೆ.

ಅಂಚೆಗೆ ಹಾಕುವ ದಿನ: ನವೆಂಬರ್ ಎರಡು, ಸತ್ತವರ ಹಬ್ಬ. ಸತ್ತವರು ಉಣ್ಣಲು ಬರುವ ಹೊತ್ತಿಗೆ, ನಿನಗೆ ಬಡಿಸಿಟ್ಟ ತಟ್ಟೆಯ ಕೆಳಗೆ.